ಮರಿಯ ರೊಕ್ಕ, ತಾಯಿಯ ರೊಕ್ಕ

ತಿರ್ಲಾಪುರದ ಬಸವಣ್ಣೆಪ್ಪನ ಮನೆಯಲ್ಲಿ ಒಂದು ಕಟ್ಟಳೆ ಇತ್ತು. ಕುರಿಯ ಬೆನ್ನ ಮೇಲೆ ಕೈಯಾಡಿಸಿ ನೋಡುವ ತನಕ ಅದರ ರೇಟನ್ನು ಯಾರೂ ಬಾಯಿಬಿಟ್ಟು ಹೇಳುವಂತಿಲ್ಲ. ಕೊಳ್ಳಲು ಬಂದವನು ಹಟ್ಟಿಯ ಬಾಗಿಲಲ್ಲೇ ನಿಂತು ‘ಇಷ್ಟಕ್ಕ ಕೊಡತೀಯೇನು’ ಎಂದನೋ, ಅವನಿಗೆ ಒಂದು ಕಪ್ ಚಹಾ ಕೊಟ್ಟು ಬಂದ ದಾರಿಗೇ ಹಚ್ಚುವುದು. ಸಂತೆಯಲ್ಲೂ ಟವೆಲ್ಲಿನ ಕೆಳಗೆ ಬೆರಳು ಹಿಡಿದೇ ವ್ಯವಹಾರ. ಬಾಜೂಕ್ಕೆ ನಿಂತವನಿಗೂ ಅಂಕಿ ತಿಳಿಯಬಾರದು. ಇದೆಲ್ಲ ಮುದುಕರ ಹಟ, ಈಗಿನ ಕಾಲಕ್ಕೆ ಯಾಕೆ ಬೇಕು ಎಂದು ಸೊಸೆ ಸುಧಾರಾಣಿ ಹನ್ನೊಂದು ವರ್ಷದಿಂದ ಮನಸ್ಸಿನಲ್ಲೇ ನಗುತ್ತ ಬಂದಿದ್ದಳು. ಆ ನಗು ಈ ವರ್ಷ ಅವಳಿಗೆ ತುಟ್ಟಿಯಾಯಿತು.

ಕಾರಹುಣ್ಣಿಮೆಯ ಮರುವಾರ ಬಸವಣ್ಣೆಪ್ಪ ಇಪ್ಪತ್ತೆರಡು ಕುರಿ ಮಾರಿದ. ಮೊಣಕಾಲು ಹಿಡಿದುಕೊಂಡು ಅಷ್ಟು ದೊಡ್ಡ ಹಿಂಡನ್ನು ಮೇಯಿಸುವುದು ಆಗುತ್ತಿರಲಿಲ್ಲ. ಹಳೆಯ ಗಿರಾಕಿ ಫಕ್ರುಸಾಬ ಒಂದು ಲಕ್ಷ ಅರವತ್ತೈದು ಸಾವಿರ ಎಣಿಸಿ ಕೊಟ್ಟು ಕುರಿ ಏರಿಸಿಕೊಂಡು ಹೋದ. ಹಟ್ಟಿಯಲ್ಲಿ ಮೂವತ್ತು ತಾಯಿ ಕುರಿ, ಆರು ಟಗರು ಉಳಿದವು. ಬಂದ ರೊಕ್ಕದ ಹಾದಿ ಮೊದಲೇ ಗೊತ್ತಾಗಿತ್ತು. ಬಸವಣ್ಣೆಪ್ಪನ ಮಗಳು ರೇಷ್ಮಾ ಪಿಯುಸಿ ಮುಗಿಸಿ ನರ್ಸಿಂಗ್ ಓದುತ್ತೇನೆ ಎಂದು ಹಟ ಹಿಡಿದು ಗೆದ್ದಿದ್ದಳು. ಹುಬ್ಬಳ್ಳಿಯ ಕಾಲೇಜಿನವರು ಫೀ, ಹಾಸ್ಟೆಲ್ ಎಲ್ಲ ಸೇರಿ ಒಂದೂವರೆ ಲಕ್ಷದ ಮೇಲೆ ಹೇಳಿದ್ದರು. ಆಗಸ್ಟ್ ಕೊನೆಯ ಶನಿವಾರದೊಳಗೆ ಕಟ್ಟಬೇಕು, ಕಟ್ಟದಿದ್ದರೆ ಸೀಟು ಮತ್ತೊಬ್ಬರಿಗೆ.

ಅಲ್ಲಿಯವರೆಗೆ ಎರಡು ತಿಂಗಳಿಗೂ ಮೇಲೆ ರೊಕ್ಕ ಸುಮ್ಮನೆ ಕೂಡುವುದು ಸುಧಾರಾಣಿಯ ಕಣ್ಣು ಕುಕ್ಕಿತು.

ಅವಳು ಗುಡಗೇರಿಯ ಹುಡುಗಿ. ಬಿ.ಕಾಂ. ಎರಡು ವರ್ಷ ಓದಿದ್ದಳು, ಮೂರನೆಯ ವರ್ಷಕ್ಕೆ ಮದುವೆಯಾಯಿತು. ಪಡಸಾಲೆಯಲ್ಲಿ ಹೊಲಿಗೆ ಯಂತ್ರ ಇಟ್ಟುಕೊಂಡು ಊರ ಹೆಂಗಸರ ಜಂಪರು ಹೊಲಿಯುತ್ತಿದ್ದಳು. ಒಂದು ವರ್ಷದಿಂದ ಫೋನನ್ನು ಯಂತ್ರಕ್ಕೆ ಆನಿಸಿಟ್ಟು, ಷೇರಿನ ಅಸಲು ಬೆಲೆ ತೆಗೆಯುವುದು ಹೇಗೆ ಎಂದು ಒಬ್ಬ ಮಾಸ್ತರ ಹೇಳಿಕೊಡುವುದನ್ನು ಕೇಳುತ್ತಿದ್ದಳು. ಅಳತೆ ಬರೆಯುವ ಪುಸ್ತಕದ ಮುಂದಿನ ಅರ್ಧ ಜಂಪರಿಗೆ, ಹಿಂದಿನ ಅರ್ಧ ಕಂಪನಿಗಳಿಗೆ. ಅವಳಿಗೆ ರೊಕ್ಕದ ದುರಾಸೆ ಇತ್ತೆಂದು ಹೇಳಿದರೆ ಸುಳ್ಳಾದೀತು. ಮಾವನಿಗೆ ಕುರಿ ಗೊತ್ತು, ಗಂಡನಿಗೆ ಗಾಡಿ ಗೊತ್ತು, ಅತ್ತೆಗೆ ಊರೇ ಗೊತ್ತು. ತನಗೂ ಒಂದು ವಿದ್ಯೆ ಬರುತ್ತದೆ ಎಂದು ಈ ಮನೆ ಒಮ್ಮೆಯಾದರೂ ಒಪ್ಪಬೇಕು ಎನ್ನುವುದೇ ಅವಳ ಆಸೆ.

ಒಂದು ದಿನ ಊಟಕ್ಕೆ ಕುಳಿತಾಗ ಮಾತು ತೆಗೆದಳು. ಬಿಸಿ ರೊಟ್ಟಿ, ಮಡಕಿಕಾಳಿನ ಪಲ್ಯ, ಗುರೆಳ್ಳು ಚಟ್ನಿ. ಎಲ್ಲರ ಬಾಯಿಯೂ ತುಂಬಿದ್ದಾಗ ಹೇಳಿದರೆ ಅರ್ಧ ವಿರೋಧ ಕಡಿಮೆಯಾಗುತ್ತದೆಂದು ಅವಳ ಎಣಿಕೆ.

“ಬ್ಯಾಂಕಿನ್ಯಾಗ ಎರಡು ತಿಂಗಳ ಇಟ್ರ ಎಷ್ಟ ಬಡ್ಡಿ ಬರತೈತ್ರಿ? ಒಂದು ಚಲೋ ಸೀರಿ ಬರಂಗಿಲ್ಲ.”

“ನಾ ಸೀರಿ ಕೇಳೇನೇನು?” ಎಂದಳು ಅತ್ತೆ ಮೈಲಾರವ್ವ, ಕೈಯಲ್ಲಿದ್ದ ರೊಟ್ಟಿಯನ್ನು ಇನ್ನೊಂದು ಸಲ ಬಡಿದು.

ಗಂಡ ಮಾಳಿಂಗರಾಯ ಮಾತ್ರ ಕಿವಿ ನಿಮಿರಿಸಿದ. ಹತ್ತಿ, ಕಡಲೆ, ಸಿಮೆಂಟು ಹೇರುವ ಸಣ್ಣ ಗೂಡ್ಸ್ ಗಾಡಿ ಓಡಿಸುವವನು. ನವಲಗುಂದದ ಚಹಾದಂಗಡಿಯಲ್ಲಿ ಷೇರಿನ ಸುದ್ದಿ ದಿನಾ ಅವನ ಕಿವಿಗೆ ಬೀಳುತ್ತಿತ್ತು. ಯಾವ ಕಂಪನಿ ಎಂದು ಕೇಳಿದ. ಮಂದಾರಗಿರಿ ಪೈಪ್ಸ್, ಹೊಲಕ್ಕೆ ನೀರಿನ ಪೈಪು ಮಾಡುವವರು, ಎಂದಳು. ನೀನೂ ಅದೇ ಪೈಪು ಹೇರುತ್ತೀಯಲ್ಲ ಎಂದಾಗ ಅವನಿಗೆ ಪರಿಚಯದವರ ಹೆಸರು ಕೇಳಿದಷ್ಟು ಖುಷಿಯಾಯಿತು.

ಬಸವಣ್ಣೆಪ್ಪ, ಅದರ ಅಸಲು ಬೆಲೆ ಹೇಗೆ ತೆಗೆಯುತ್ತೀ ಎಂದು ಕೇಳಿದ. ವರ್ಷಕ್ಕೆ ಒಂದು ಷೇರು ಎಷ್ಟು ದುಡಿಯುತ್ತದೆ, ಎಷ್ಟು ವರ್ಷ ದುಡಿಯಬಹುದು ಎಂದು ನೋಡುವುದು ಎಂದಳು.

“ಹಂಗಾರ ಕುರಿ ಲೆಕ್ಕನ ಆತಲ್ಲ,” ಎಂದ ಮುದುಕ. “ಎರಡ ಹಲ್ಲಿನ ಹರೇದ ಕುರಿ ಇನ್ನಾ ಆರು ವರ್ಷ ಮರಿ ಹಾಕತೈತಿ. ಎಂಟು ಮರಿ ಅಂತ ಹಿಡಿ, ಎರಡ ಸಾಯ್ತಾವ. ಕಡೀಕ ಮುದಿ ಕುರಿಗೆ ಕಟುಗರ ರೊಕ್ಕ. ಅದರಾಗ ಮೇವು ಕಳಿ. ಆದ್ರ ಒಂದು ನೆನಪಿಡು, ಬರೂ ವರ್ಷದ ಮರಿ ಈ ವರ್ಷದ ಮರಿಯಷ್ಟು ಬೆಲಿ ಬಾಳಂಗಿಲ್ಲ. ನಡುವ ತ್ವಾಳ ಐತಿ, ಬ್ಯಾನಿ ಐತಿ.”

ಮಾಸ್ತರ ಮೂರು ಪಾಠಗಳಲ್ಲಿ ಹೇಳಿದ್ದನ್ನು ಮಾವ ಒಂದು ರೊಟ್ಟಿ ಮುಗಿಸುವಷ್ಟರಲ್ಲಿ ಹೇಳಿಬಿಟ್ಟದ್ದು ಸುಧಾರಾಣಿಗೆ ಬೆರಗಾಯಿತು, ಸ್ವಲ್ಪ ಸಿಟ್ಟೂ ಬಂತು. ಕೊನೆಗೆ ಮೈಲಾರವ್ವ ತೀರ್ಪು ಕೊಟ್ಟಳು. ಫೀ ಕಟ್ಟುವ ಶನಿವಾರ ರೊಕ್ಕ ಮನೆಯಲ್ಲಿರಬೇಕು. ಒಂದು ರೂಪಾಯಿ ಕಡಿಮೆಯಾದರೂ ನಿನ್ನ ಹೊಲಿಗೆ ಯಂತ್ರ ಮಾರಿ ತುಂಬುತ್ತೇನೆ.

ಮರುದಿನ ಮಧ್ಯಾಹ್ನ ಸುಧಾರಾಣಿ ಪುಸ್ತಕ ತೆಗೆದು ಕುಳಿತಳು. ಷೇರೊಂದು ಹೋದ ವರ್ಷ ಒಂಬತ್ತು ರೂಪಾಯಿ ದುಡಿದಿತ್ತು. ಹತ್ತು ವರ್ಷ ದುಡಿದೀತೆಂದು ಹಿಡಿದು ಅದನ್ನು ಹತ್ತರಿಂದ ಗುಣಿಸಿದಳು. ತೊಂಬತ್ತು. ಫೋನು ನೋಡಿದರೆ ರೇಟು ತೊಂಬತ್ತೆರಡು. ಅಂದರೆ ಕೊಳ್ಳುವಂತಿಲ್ಲ. ಅವಳು ಪೆನ್ನಿನ ತುದಿ ಕಚ್ಚುತ್ತ ಕುಳಿತಳು. ದೊಡ್ಡ ಕಂಪನಿ, ನೀರಿನ ಪೈಪು ಯಾರಿಗೆ ಬೇಡ? ಹತ್ತೇ ಯಾಕೆ, ಹದಿನೈದು ಹಿಡಿದರೇನಾಯಿತು? ಮಾಸ್ತರನೂ ಒಂದು ಪಾಠದಲ್ಲಿ ಹದಿನೈದು ಹಿಡಿದಿದ್ದ. ಹತ್ತನ್ನು ಹೊಡೆದುಹಾಕಿ ಹದಿನೈದು ಬರೆದಳು. ನೂರಾ ಮೂವತ್ತೈದು ಬಂತು. ಈಗ ತೊಂಬತ್ತೆರಡು ಬಲು ಸೋವಿಯಾಗಿ ಕಂಡಿತು. ಹೊಡೆದುಹಾಕಿದ ಹತ್ತರ ಸುದ್ದಿ ಅವಳು ಯಾರಿಗೂ ಹೇಳಲಿಲ್ಲ.

ಸೋಮವಾರ ಮುಂಜಾನೆ ಗಂಡ ಹೆಂಡತಿ ಕೂಡಿ ಸಾವಿರದ ಏಳುನೂರು ಷೇರು ಕೊಂಡರು. ಒಂದು ಲಕ್ಷ ಐವತ್ತಾರು ಸಾವಿರದ ನಾಲ್ಕುನೂರು ರೂಪಾಯಿ ಒಂದು ಬೆರಳಿನ ಒತ್ತಿಗೆ ಹೋಯಿತು. ಇಪ್ಪತ್ತೆರಡು ಕುರಿ ಗಾಡಿಗೆ ಏರಿಸಲು ಅರ್ಧ ದಿನ ಹಿಡಿದಿತ್ತು.

ಸಂಜೆ ಸುಧಾರಾಣಿ ಹಟ್ಟಿಗೆ ಚಹಾ ಒಯ್ದಾಗ ಬಸವಣ್ಣೆಪ್ಪ ಕುದಿಯುವ ಗ್ಲಾಸನ್ನು ಬರಿಗೈಯಲ್ಲಿ ಗಪ್ಪನೆ ಹಿಡಿದ. ಧೋತರದ ಚುಂಗು ಹಚ್ಚಲಿಲ್ಲ, ಕೈ ಬದಲಿಸಲಿಲ್ಲ. ಹೆಬ್ಬೆರಳಿನ ಬದಿಗೆ ಆಗಲೇ ಒಂದು ಗುಳ್ಳೆ ಎದ್ದಿತ್ತು. ಅದೇನೆಂದು ಕೇಳುವಷ್ಟರಲ್ಲಿ ಅವನೇ ಕೇಳಿದ.

“ಷೇರಿಗೆ ಒಂಬತ್ತು ರೂಪಾಯಿ ದುಡಿಮಿ ಅಂದಿದ್ದಿಯಲ್ಲ, ಅದು ಮರಿ ಮಾರಿ ಬಂದದ್ದೋ, ತಾಯಿ ಮಾರಿ ಬಂದದ್ದೋ?”

“ಲಾಭ ಅಂದ್ರ ಲಾಭರೀ ಮಾವಾರ. ಅದಕ್ಕೇನು ತಾಯಿ, ಮರಿ?”

“ಹಿಂಡಿನ ಲೆಕ್ಕದಾಗ ಇರತಾವ. ನಿಂದರಾಗ ಇಲ್ಲೇನೋ,” ಎಂದು ಅವನು ಚಹಾ ಮುಗಿಸಿ ಗ್ಲಾಸು ಚಾಚಿದ. ಅವಳು ಖಾಲಿ ಗ್ಲಾಸು ಹಿಡಿದು ಸರಸರನೆ ಮನೆಗೆ ಬಂದಳು. ಒಂದಕ್ಷರ ಕಲಿಯದವರು ಪ್ರಶ್ನೆ ಕೇಳುವುದು ನೋಡು ಎಂದು ಪಾತ್ರೆಗಳ ಮೇಲೆ ಸಿಟ್ಟು ತೆಗೆದಳು.

ಅಲ್ಲಿಂದ ಮುಂದೆ ಮನೆಗೆ ನಿದ್ದೆ, ನೆಮ್ಮದಿ ಎರಡೂ ಇರಲಿಲ್ಲ ಎನ್ನಿ. ತೊಂಬತ್ತೆರಡಕ್ಕೆ ಕೊಂಡದ್ದು ಎಂಬತ್ತೆಂಟಾಯಿತು, ಎಂಬತ್ತನಾಲ್ಕಾಯಿತು. ಸುಧಾರಾಣಿ ರೊಟ್ಟಿ ಹೆಂಚಿನ ಮೇಲೆ ಹಾಕಿ ಫೋನು ನೋಡುತ್ತಿದ್ದಳು, ರೊಟ್ಟಿ ಹೊತ್ತುತ್ತಿತ್ತು. ಗೌಡರ ಸೊಸೆಯ ಜಂಪರಿಗೆ ಎಡತೋಳನ್ನು ಬಲಕ್ಕೆ ಕೂಡಿಸಿ ಮತ್ತೆ ಬಿಚ್ಚಿದಳು. ಮೈಲಾರವ್ವ ಬೈಯಲಿಲ್ಲ, ಅದಕ್ಕಿಂತ ಕೆಟ್ಟದ್ದು ಮಾಡಿದಳು. ದಿನಾ ಮುಂಜಾನೆ ಹೊಲಿಗೆ ಯಂತ್ರವನ್ನು ಅರಿವೆಯಿಂದ ಒರೆಸಿ, ಇದಕ್ಕೆ ಈಗ ಎಷ್ಟು ಬರಬಹುದು ಎಂದು ಗಾಳಿಗೆ ಕೇಳುತ್ತಿದ್ದಳು. ರೇಷ್ಮಾ ಹಾಸ್ಟೆಲಿಗೆಂದು ತಂದ ಟ್ರಂಕಿನ ಬೀಗ ತೆಗೆಯುವುದು, ಹಾಕುವುದು ಅಷ್ಟೇ ಮಾಡುತ್ತಿದ್ದಳು. ಅದು ಕಟಕ್ ಎಂದಾಗಲೆಲ್ಲ ಸುಧಾರಾಣಿ ಫೋನು ಮಗುಚಿ ಇಡುತ್ತಿದ್ದಳು. ಹುಡುಗಿಯ ಬಾಳಿನ ರೊಕ್ಕವನ್ನು ನಾನು ಯಾಕೆ ಮುಟ್ಟಿದೆ ಎಂದು ಅವಳು ನೂರು ಸಲ ಅಂದುಕೊಂಡಳು.

ಆಮೇಲೆ, ಹೆಸರಿನ ಬೆಳೆ ಕಾಯಿ ಹಿಡಿಯುವ ಹೊತ್ತಿಗೆ, ರೇಟು ತಿರುಗಿತು. ತೊಂಬತ್ತೊಂಬತ್ತು, ನೂರಾ ಏಳು, ಆಗಸ್ಟ್ ಎರಡನೆಯ ವಾರಕ್ಕೆ ನೂರಾ ಹದಿನೆಂಟು. ಮನೆಯ ಹವೆಯೇ ಬೇರೆಯಾಯಿತು. ಮಾಳಿಂಗರಾಯ ಊರಿಗೆಲ್ಲ ಹೆಂಡತಿಯ ಬುದ್ಧಿ ಹೊಗಳಿದ. ಮೈಲಾರವ್ವ ಸೊಸೆಯ ತಾಟಿನಲ್ಲಿ ಮೊಸರಿನ ಕೆನೆ ಹಾಕಿದಳು. ಹನ್ನೊಂದು ವರ್ಷದಲ್ಲಿ ಆ ಕೆನೆ ಮಗನ ತಾಟು ಬಿಟ್ಟು ಅತ್ತಿತ್ತ ಹೋಗಿರಲಿಲ್ಲ. ಸುಧಾರಾಣಿ ಕೆನೆ ತಿಂದಳು. ಅದರ ರುಚಿ ಅವಳಿಗೆ ಬಹಳ ದಿನ ನೆನಪಿತ್ತು.

ಹೊಗಳಿಕೆ ಹೊಟ್ಟೆ ತುಂಬಿದ ಮೇಲೆ ಮಾಳಿಂಗರಾಯ ತನ್ನ ಲೆಕ್ಕ ಬಿಚ್ಚಿದ. ಇಪ್ಪತ್ತೆರಡು ಕುರಿಯ ರೊಕ್ಕ ಎರಡು ತಿಂಗಳಲ್ಲಿ ಇಷ್ಟು ದುಡಿದರೆ, ಹಟ್ಟಿಯಲ್ಲಿರುವ ಮೂವತ್ತು ತಾಯಿ ಕುರಿ ಮಾರಿ ಹಾಕಿದರೆ ಎಷ್ಟು ದುಡಿಯಬಹುದು? ಅಪ್ಪನ ಮೊಣಕಾಲಿಗೂ ಆರಾಮ, ಹಟ್ಟಿಯ ನಾತವೂ ತಪ್ಪಿತು. ಗಾಳಿ ಬಂದಾಗ ತೂರಿಕೊಳ್ಳಬೇಕು. ಯಾರನ್ನೂ ಕೇಳದೆ ಫಕ್ರುಸಾಬನಿಗೆ ಫೋನು ಮಾಡಿ ಶುಕ್ರವಾರ ಬಾ ಎಂದೂ ಹೇಳಿಬಿಟ್ಟ. ಬಸವಣ್ಣೆಪ್ಪ ಮಗನ ಮುಖ ನೋಡಿದ, ಸೊಸೆಯ ಮುಖ ನೋಡಿದ, ಎದ್ದು ಹಟ್ಟಿಗೆ ಹೋದ. ಅವತ್ತು ಉಣ್ಣಲೂ ಬರಲಿಲ್ಲ.

ಮೂವತ್ತು ತಾಯಿ ಕುರಿ ಎಂದ ಕೂಡಲೇ ಸುಧಾರಾಣಿಯ ಕಿವಿಯಲ್ಲಿ ಹಳೆಯ ಪ್ರಶ್ನೆ ಎದ್ದಿತು. ಮರಿ ಮಾರಿ ಬಂದದ್ದೋ, ತಾಯಿ ಮಾರಿ ಬಂದದ್ದೋ? ಮರುದಿನ ಮಧ್ಯಾಹ್ನ ರೇಷ್ಮಾಳನ್ನು ಬಾಜೂಕ್ಕೆ ಕೂಡಿಸಿಕೊಂಡು ಕಂಪನಿಯ ವರ್ಷದ ವರದಿ ತೆಗೆದಳು. ಇನ್ನೂರಕ್ಕೂ ಹೆಚ್ಚು ಪುಟ, ಎಲ್ಲ ಇಂಗ್ಲಿಷು. ಮಾಸ್ತರ ಅದನ್ನು ಓದಲೇಬೇಕೆಂದು ಹೇಳಿದ್ದ, ಇವಳು ಮುಖಪುಟದ ಚಿತ್ರ ನೋಡಿ ಮುಚ್ಚಿದ್ದಳು. ರೇಷ್ಮಾ ಒಂದೊಂದು ಸಾಲಿಗೆ ಬೆರಳು ಹಚ್ಚಿ ಅರ್ಥ ಹೇಳುತ್ತ ಹೋದಳು. ನೂರಾ ನಲವತ್ತನೆಯ ಪುಟ ದಾಟಿದ ಮೇಲೆ ‘ಇತರೆ ಆದಾಯ’ ಎಂಬ ತಲೆಬರಹದ ಕೆಳಗೆ ಒಂದು ದೊಡ್ಡ ಅಂಕಿ ಸಿಕ್ಕಿತು. ಕೆಳಗೆ ಇರುವೆಯಷ್ಟು ಅಕ್ಷರದಲ್ಲಿ ವಿವರಣೆ.

“ವೈನಿ, ಇವರು ಹಳೇ ಫ್ಯಾಕ್ಟರಿ ಜಾಗಾ ಮಾರ್ಯಾರ. ಅದರ ರೊಕ್ಕಾ ಇದರಾಗ ಕೂಡೇತಿ.”

ಸುಧಾರಾಣಿ ಅದನ್ನು ಕಳೆದಳು. ಮತ್ತೊಮ್ಮೆ ಕಳೆದಳು. ಪೈಪು ಮಾರಿ ಬಂದದ್ದು ಷೇರಿಗೆ ಮೂರು ರೂಪಾಯಿ. ಉಳಿದ ಆರು ರೂಪಾಯಿ ಜಾಗ ಮಾರಿದ್ದು, ಒಂದೇ ಸಲ ಬಂದು ಹೋಗುವಂಥದ್ದು. ಕಂಪನಿ ಯಾವುದನ್ನೂ ಮುಚ್ಚಿಟ್ಟಿರಲಿಲ್ಲ, ಬರೆದೇ ಇಟ್ಟಿತ್ತು. ಓದದವಳು ತಾನು. ಮೂರನ್ನು ಹದಿನೈದರಿಂದ ಗುಣಿಸಿದರೂ ನಲವತ್ತೈದು, ತಾನು ಮೊದಲು ಹಿಡಿದಿದ್ದ ಹತ್ತರಿಂದ ಗುಣಿಸಿದರೆ ಮೂವತ್ತು. ಆ ಗಳಿಗೆಯಲ್ಲಿ ಫೋನು ನೂರಾ ಹದಿನೆಂಟು ತೋರಿಸುತ್ತಿತ್ತು.

ಲುಕ್ಸಾನಾದವರು ತಪ್ಪು ಒಪ್ಪಿಕೊಳ್ಳುವುದು ಸುಲಭ, ಮಂದಿ ಮೊದಲೇ ಬೈಯಲು ತಯಾರಿರುತ್ತಾರೆ. ಲಾಭ ಬಂದು, ಕೆನೆ ತಿಂದು, ಆಮೇಲೆ ನನ್ನ ಲೆಕ್ಕ ತಪ್ಪಿತ್ತು ಎನ್ನುವುದು ಹೇಗೆ? ಎರಡು ದಿನ ಅವಳು ಒಳಗಿಂದ ಹೊರಗೆ, ಹೊರಗಿಂದ ಒಳಗೆ ಸುಳಿದಾಡಿದಳು. ಸುಮ್ಮನಿದ್ದರೆ ಯಾರಿಗೂ ತಿಳಿಯುವುದಿಲ್ಲ. ಆದರೆ ಶುಕ್ರವಾರ ಫಕ್ರುಸಾಬ ಬರುತ್ತಾನೆ, ಮೂವತ್ತು ತಾಯಿ ಕುರಿ ಗಾಡಿ ಏರುತ್ತವೆ.

ಬುಧವಾರ ಊಟಕ್ಕೆ ಪುಂಡಿಪಲ್ಯ ಮಾಡಿದ್ದಳು. ಬಡಿಸಿ ನಿಂತೇ ಹೇಳಿದಳು.

“ಆ ಷೇರು ಮಾರಿ ಬಿಡೂಣು. ಅದರ ಅಸಲ ಬೆಲಿ ನಲವತ್ತೈದರ ಮ್ಯಾಲಿಲ್ಲ. ನನ್ನ ಲೆಕ್ಕ ತಪ್ಪೇತಿ.”

ಮಾಳಿಂಗರಾಯ ತುತ್ತು ಕೆಳಗಿಟ್ಟ. “ಏರಾಕತ್ತಿದ್ದು ಎದುರಿಗೆ ಕಾಣಾಕತ್ತೈತಿ. ನಿನಗ ಯಾರ ದೃಷ್ಟಿ ತಾಗೇತಿ?”

“ಏರೂದು ಬ್ಯಾರೆ, ಬಾಳೂದು ಬ್ಯಾರೆ.”

“ಇಷ್ಟು ದಿನಾ ಶಾಣ್ಯಾಕಿ ಆಗಿದ್ದಿ. ಈಗ ಅಪ್ಪನ ಕೂಡ ಹಟ್ಟ್ಯಾಗ ಕುಂತ ಕುರಿ ಆಗೀಯೇನು?”

ಮೈಲಾರವ್ವನಿಗೆ ಯಾರ ಕಡೆ ಹೋಗಬೇಕೆಂದು ತಿಳಿಯಲಿಲ್ಲ. ರೊಕ್ಕ ಬಂದೈತೋ ಇಲ್ಲೋ, ಅಷ್ಟು ಹೇಳಿರಿ ಎಂದಳು. ಬಂದಂತೆಯೂ ಹೌದು, ಬರದಂತೆಯೂ ಹೌದು ಎಂದು ಸುಧಾರಾಣಿ ಹೇಳಿದ್ದು ಮುದುಕಿಗೆ ಇನ್ನಷ್ಟು ರೇಗಿಸಿತು. ಕೂಸು ಹುಟ್ಟುವ ಮೊದಲೇ ಕುಲಾವಿ ಹೊಲಿಸಿದಿರಿ, ಈಗ ಕೂಸು ಎಲ್ಲಿ ಎಂದರೆ ಒಬ್ಬರೂ ಬಾಯಿ ಬಿಡುವುದಿಲ್ಲ ಎಂದು ತಾಟು ಸರಿಸಿ ಎದ್ದಳು.

ತೊಡಕು ಇನ್ನೊಂದಿತ್ತು. ಖಾತೆ ಸುಧಾರಾಣಿಯ ಹೆಸರಿನಲ್ಲಿದ್ದರೂ ಕೊಟ್ಟ ಫೋನ್ ನಂಬರು ಗಂಡನದು. ಷೇರು ಮಾರಬೇಕಾದರೆ ಅವನ ಫೋನಿಗೆ ಬರುವ ಆರಂಕಿಯ ಓಟಿಪಿ ಹಾಕಬೇಕು. ಕೊಡುವುದಿಲ್ಲ ಎಂದ. ಇನ್ನೂ ಹತ್ತು ರೂಪಾಯಿ ಏರಲಿ, ಆಮೇಲೆ ನೋಡೋಣ ಎಂದ. ಫೀ ಕಟ್ಟುವ ದಿನಕ್ಕೆ ಹತ್ತೇ ದಿನ ಉಳಿದಿದ್ದವು. ಗುರುವಾರ ರೇಟು ನೂರಾ ಹದಿಮೂರಕ್ಕೆ ಇಳಿಯಿತು. ಅವನು ಕಡಲೆ ಹೇರಿಕೊಂಡು ಗದಗಿನ ಕಡೆ ಹೋಗಿದ್ದ, ಹೆಂಡತಿಯ ಫೋನು ಎತ್ತಲೇ ಇಲ್ಲ. ರೇಷ್ಮಾಳ ಟ್ರಂಕಿನ ಬೀಗ ಅವತ್ತು ನಾಲ್ಕು ಸಲ ಕಟಕ್ ಎಂದಿತು.

ಶುಕ್ರವಾರ ಮುಂಜಾನೆ ಕಸ ಗುಡಿಸುವ ನೆವದಲ್ಲಿ ಸುಧಾರಾಣಿ ಹಟ್ಟಿಗೆ ಹೋದಳು. ಬಸವಣ್ಣೆಪ್ಪ ಒಂದು ಕುರಿಯ ಬೆನ್ನ ಮೇಲೆ ಕೈಯಿಟ್ಟು ಕಣ್ಣು ಮುಚ್ಚಿ ನಿಂತಿದ್ದ. ಎಷ್ಟು ಹೊತ್ತಾದರೂ ಕೈ ತೆಗೆಯಲಿಲ್ಲ.

“ಮಾವಾರ, ನೀವು ಕೇಳಿದ್ದು ಖರೇ ಇತ್ತು. ತಾಯಿ ಮಾರಿದ ರೊಕ್ಕರೀ ಅದು. ನಾ ಮರಿ ರೊಕ್ಕ ಅಂತ ಹಿಡದಿದ್ದೆ.”

ಅವನು ತಲೆಯಾಡಿಸಿದ. ಅವಳಿಗೆ ಅಷ್ಟಕ್ಕೇ ನಿಲ್ಲಲಾಗಲಿಲ್ಲ. ಯಾರಿಗೂ ಹೇಳದ ಹತ್ತು, ಹದಿನೈದರ ಸುದ್ದಿಯನ್ನೂ ಹೇಳಿದಳು. ಹದಿನೈದು ಹಿಡಿಯುವ ಮೊದಲೇ ರೇಟು ನೋಡಿದ್ದೆ, ಕೊಳ್ಳಬೇಕೆಂಬ ಆಸೆಯಿತ್ತು, ಆಸೆಗೆ ಸರಿಯಾಗಿ ಲೆಕ್ಕ ಹಿಗ್ಗಿಸಿದೆ ಎಂದಳು. ಹೇಳುತ್ತ ಹೇಳುತ್ತ ಅಳು ಬಂತು.

ಮುದುಕ ಅವಳನ್ನು ಸಮಾಧಾನ ಮಾಡಲು ಹೋಗಲಿಲ್ಲ. ತನ್ನ ಬಲಗೈ ಚಾಚಿ ತೋರಿಸಿದ. ಗುಳ್ಳೆ ಒಡೆದು ಕರ್ರಗೆ ಒಣಗಿತ್ತು.

“ನನ್ನ ಬೆರಳ ಸತ್ತಾವ, ಸುಧಾ. ಯುಗಾದಿಯಿಂದ. ಬೆನ್ನ ಮ್ಯಾಲ ಕೈ ಇಟ್ರ ಕಂಬಳಿ ಮ್ಯಾಲ ಇಟ್ಟಂಗ ಆಗತೈತಿ. ಎಲುವು ಯಾವುದು, ಮಾಂಸ ಯಾವುದು ತಿಳಿಯಂಗಿಲ್ಲ.”

“ಮತ್ತ ಸಂತ್ಯಾಗ ಹೆಂಗ ಹೇಳತೀರಿ?”

“ಮಂದಿ ಏನ ರೇಟ ಆಡತಾರ, ಕಿವಿಗೊಟ್ಟು ಕೇಳತೀನಿ. ಅದರ ಮ್ಯಾಲ ಇನ್ನೂರು, ಇಲ್ಲಾ ಕೆಳಗ ಇನ್ನೂರು ಹೇಳತೀನಿ. ಬಸವಣ್ಣೆಪ್ಪ ಹೇಳ್ಯಾನ ಅಂದ್ರ ಎಲ್ಲಾರೂ ಹೂಂ ಅಂತಾರ.” ಅವನು ಕುರಿಯನ್ನು ಬಿಟ್ಟು ಕೆಳಗೆ ಕುಳಿತ. “ಕಿವ್ಯಾಗ ರೇಟ ಬಿದ್ದ ಮ್ಯಾಲ ಕೈ ಖರೇ ಹೇಳಂಗಿಲ್ಲ. ಅದಕ ನಮ್ಮಪ್ಪ ಟವೆಲ್ ಹಾಕೂದು ಕಲಿಸಿದ್ದ. ಆ ಇಪ್ಪತ್ತೆರಡೂ ನಾ ಹಿಂಗ ಮಾರೇನಿ. ಹೆಚ್ಚಿಗಿ ಬಂತೋ, ಮುಳುಗಿದೆನೋ, ನನಗ ಗೊತ್ತಿಲ್ಲ. ನಿಮ್ಮತ್ತಿಗೆ ಹೇಳಬ್ಯಾಡ.”

ಹನ್ನೊಂದು ವರ್ಷದಲ್ಲಿ ಮಾವ ಅವಳ ಮುಂದೆ ಇಷ್ಟು ಮಾತಾಡಿದ್ದು ಅದೇ ಮೊದಲು. ಸುಧಾರಾಣಿ ಕಣ್ಣೊರೆಸಿಕೊಂಡಳು. ತನ್ನ ತಪ್ಪಿಗಿಂತ ಆ ಚಾಚಿದ ಕೈ ನೋಡಿ ಅವಳಿಗೆ ಹೆಚ್ಚು ಸಂಕಟವಾಯಿತು.

ಒಂಬತ್ತರ ಸುಮಾರಿಗೆ ಮಾಳಿಂಗರಾಯ ಬಂದ. ಫಕ್ರುಸಾಬ ಹನ್ನೊಂದಕ್ಕೆ ಬರುತ್ತಾನೆ, ಕುರಿ ಮೇಯಲು ಬಿಡಬೇಡಿ ಎಂದು ಹೇಳಲು ನೇರವಾಗಿ ಹಟ್ಟಿಗೇ ಬಂದಿದ್ದ. ಹೆಂಡತಿ ಬಾಗಿಲಿಗೆ ಅಡ್ಡ ನಿಂತಳು. ಷೇರಿನ ಮಾತು ತೆಗೆಯಲಿಲ್ಲ.

“ಒಬ್ಬಾಂವ ಹಿಂಡ ಮಾರಾಕ ಬಂದಾನ ಅಂತ ತಿಳೀರಿ. ಹ್ವಾದ ವರ್ಷ ಈ ಹಿಂಡ ಮೂರು ಲಕ್ಷ ಕೊಟ್ಟೈತಿ ಅಂತಾನ. ನೀವು ಏನ ಕೇಳತೀರಿ?”

“ಎಷ್ಟ ಮರಿ ಮಾರ್ಯಾನ ಅಂತ ಕೇಳತೀನಿ.” ಕುರುಬರ ಮನೆಯ ಮಗ, ಉತ್ತರ ತಾನಾಗಿಯೇ ಬಂತು.

“ಮರಿ ಮಾರಿದ್ದು ಒಂದ ಲಕ್ಷ. ಎರಡ ಲಕ್ಷ ತಾಯಿ ಕುರಿ ಮಾರಿದ್ದು.”

“ಹಂಗಾರ ಆಂವ ಮೂರ ಲಕ್ಷದ ಹಿಂಡ ಅಂತ ಹೆಂಗ ಹೇಳತಾನ? ತಾಯಿ ಹ್ವಾದ ಮ್ಯಾಲ ಬರೂ ವರ್ಷ ಏನ...”

ಅಲ್ಲಿಗೆ ನಿಂತ. ಹೆಂಡತಿಯ ಮುಖ ನೋಡಿದ, ಅಪ್ಪನ ಮುಖ ನೋಡಿದ. ಹಟ್ಟಿಯಲ್ಲಿ ಒಂದು ಕುರಿ ಕೆಮ್ಮಿತು.

“ಇದನ್ನ ಮೊದಲ ಹಿಂಗ ಹೇಳಬಾರದೇನು?” ಎಂದ.

“ನನಗ ಮೊದಲ ತಿಳಿದಿದ್ರ ಹೇಳತಿದ್ನಿ.”

“ಆದ್ರೂ ಏರತೈತಿ, ಸುಧಾ. ಚಾದಂಗಡ್ಯಾಗ ಎಲ್ಲಾರೂ ಅದನ್ನ ಅಂತಾರ.”

“ಏರಬಹುದು. ನನಗ ಗೊತ್ತಿಲ್ಲ. ರೇಷ್ಮಾನ ಫೀ ನನಗ ಗೊತ್ತೈತಿ.”

ಷೇರುಪೇಟೆ ಬಾಗಿಲು ತೆರೆದ ಹೊತ್ತು, ಒಂಬತ್ತು ಕಾಲು ದಾಟಿತ್ತು. ರೇಟು ನೂರಾ ಹನ್ನೊಂದು. ಸುಧಾರಾಣಿ ಮಾರುವ ಗುಂಡಿ ಒತ್ತಿದಳು, ಅವನ ಫೋನು ಕಿರ್ ಎಂದಿತು. ಮಾಳಿಂಗರಾಯ ಆರು ಅಂಕಿಗಳನ್ನು ಒಂದೊಂದಾಗಿ, ಕಿಸೆಯಿಂದ ನಾಣ್ಯ ತೆಗೆದುಕೊಟ್ಟ ಹಾಗೆ ಹೇಳಿದ. ಒಂದು ಲಕ್ಷ ಎಂಬತ್ತೆಂಟು ಸಾವಿರದ ಏಳುನೂರಕ್ಕೆ ಎಲ್ಲ ಷೇರು ಹೋದವು. ಫಕ್ರುಸಾಬ ಬಂದಾಗ ತಾಯಿ ಕುರಿಗಳು ಹಳ್ಳದ ದಂಡೆಗೆ ಮೇಯಲು ಹೋಗಿದ್ದವು. ಅವನಿಗೆ ಚಹಾ ಕೊಟ್ಟು, ಮುಂದಿನ ತಿಂಗಳು ಟಗರು ನೋಡಲು ಬಾ ಎಂದು ಕಳಿಸಿದರು.

ಫೀ ಕಟ್ಟಿದರು. ರೇಷ್ಮಾ ಟ್ರಂಕು ಹೊತ್ತುಕೊಂಡು ಹುಬ್ಬಳ್ಳಿ ಬಸ್ಸು ಹತ್ತುವಾಗ ವೈನಿಯ ಕೈಯನ್ನು ಒಂದು ಗಳಿಗೆ ಹೆಚ್ಚಿಗೆ ಹಿಡಿದಿದ್ದಳು. ಕಾಲೇಜು ಸೇರಿ ಎರಡು ವಾರವಾಗಿರಲಿಲ್ಲ, ಫೋನು ಮಾಡಿ ಅಪ್ಪನ ಗುಳ್ಳೆಯ ಬಗ್ಗೆ ಹತ್ತು ಪ್ರಶ್ನೆ ಕೇಳಿ, ಅದು ಸಕ್ಕರೆ ಕಾಯಿಲೆ ಇರಬೇಕು, ಮೊದಲು ರಕ್ತ ತೋರಿಸಿರಿ ಎಂದು ಅವ್ವನಿಗೆ ಜೋರು ಮಾಡಿದಳು. ತೋರಿಸಿದರೆ ಹೌದೇ ಆಯಿತು. ಮೈಲಾರವ್ವ ಎರಡು ದಿನ ಗಂಡನ ಜೊತೆ ಮಾತು ಬಿಟ್ಟಳು, ಮೂರನೆಯ ದಿನ ಚಹಾದ ಸಕ್ಕರೆ ಬಿಡಿಸಿದಳು.

ಕಥೆ ಇಲ್ಲಿಗೆ ಸುಖವಾಗಿ ಮುಗಿಯಬೇಕಿತ್ತು. ಆದರೆ ಆ ಷೇರಿಗೆ ಯಾರ ಲೆಕ್ಕವೂ ಬೇಕಿರಲಿಲ್ಲ. ಮಾರಿದ ಮರುವಾರವೇ ಅದು ಏರತೊಡಗಿತು. ನೂರಾ ಹದಿನೇಳು, ನೂರಾ ಇಪ್ಪತ್ತಾರು, ನೂರಾ ಮೂವತ್ತನಾಲ್ಕು. ಮಾಳಿಂಗರಾಯ ಜಗಳಾಡಲಿಲ್ಲ. ಊಟಕ್ಕೆ ಕೂಡುವಾಗ ಫೋನನ್ನು ಹೆಂಡತಿಯ ತಾಟಿನ ಬಾಜೂಕ್ಕೆ ಇಡುತ್ತಿದ್ದ, ಅಷ್ಟೆ. ಉಳ್ಳಾಗಡ್ಡಿ, ಚಟ್ನಿ, ಅದರ ಪಕ್ಕದಲ್ಲಿ ಆ ಹೊಳೆಯುವ ಅಂಕಿ. ಕೆನೆ ಮತ್ತೆ ಮಗನ ತಾಟಿಗೆ ಹೋಯಿತು. ನಮಗೆ ಲಾಭ ಆತೋ, ಲುಕ್ಸಾನ ಆತೋ ಎಂದು ಮೈಲಾರವ್ವ ಕೇಳಿದಾಗ, ಸುಧಾರಾಣಿ ಮೂವತ್ತೆರಡು ಸಾವಿರ ಲಾಭ ಎಂದಳು. ಮಾಳಿಂಗರಾಯ, ಮಾರದೆ ಇಟ್ಟಿದ್ದರೆ ಬರುತ್ತಿದ್ದ ಮೂವತ್ತೊಂಬತ್ತು ಸಾವಿರ ಲುಕ್ಸಾನ ಎಂದ. ಎರಡೂ ಹೇಗೆ ಖರೇ ಆಗುತ್ತವೆ ಎಂದು ಮುದುಕಿ ಇಬ್ಬರನ್ನೂ ಬೈದಳು.

ಸುಧಾರಾಣಿಗೂ ಒಳಗೊಳಗೆ ಕಸಿವಿಸಿ ಇದ್ದೇ ಇತ್ತು. ನಲವತ್ತೈದು ಎಂದು ಬರೆದದ್ದೇ ತಪ್ಪಿರಬಹುದೇ ಎಂದು ಪುಸ್ತಕ ತೆಗೆದು ಮೂರು ಸಲ ಕೂಡಿಸಿ ಕಳೆದಳು. ಪ್ರತಿ ಸಲವೂ ನಲವತ್ತೈದೇ ಬಂತು. ನಾನು ಸರಿ ಎನ್ನಲು ಸಾಕ್ಷಿಯಿಲ್ಲ, ತಪ್ಪು ಎನ್ನಲು ಊರೇ ಇದೆ ಎಂದು ತನ್ನಷ್ಟಕ್ಕೆ ಗೊಣಗಿಕೊಂಡಳು. ಮುಂದಿನ ಕಂಪನಿಯ ಲೆಕ್ಕ ಹಾಕುವಾಗ ಅದರ ರೇಟು ಕಾಣಿಸುವ ಜಾಗದ ಮೇಲೆ ಅರಿವೆಯ ಚೂರೊಂದನ್ನು ಇಟ್ಟುಕೊಂಡೇ ವರದಿ ಓದಿದಳು. ಆ ಚೂರನ್ನು ಕಂಡು ಮೈಲಾರವ್ವ, ಫೋನಿಗೂ ಸೆರಗು ಹೊದಿಸಿದಿ ಎಂದು ನಕ್ಕಳು.

ದಸರೆಯ ಮುಂಚೆ ಫಕ್ರುಸಾಬ ಟಗರು ನೋಡಲು ಬಂದ. ಬಸವಣ್ಣೆಪ್ಪ ಹಟ್ಟಿಯ ಕಟ್ಟೆಯ ಮೇಲೆ ಕುಳಿತೇ ಇದ್ದ. ಹೆಗಲ ಮೇಲಿನ ಟವೆಲ್ ತೆಗೆಯಲಿಲ್ಲ. ಒಳಗೆ ತಿರುಗಿ ಸೊಸೆಯನ್ನು ಕರೆದ. ಒಂದು ತಿಂಗಳಿಂದ ದಿನಾ ಮುಂಜಾನೆ ಅವಳಿಗೆ ಅದನ್ನೇ ಕಲಿಸಿದ್ದ. ಬೆನ್ನೆಲುಬಿನ ಮೇಲೆ ಹೆಬ್ಬೆರಳು, ಬದಿಗೆ ನಾಲ್ಕು ಬೆರಳು, ಸೊಂಟದ ಹತ್ತಿರ ಒತ್ತು, ಎಲುಬಿನ ತುದಿ ಚುಚ್ಚಿದರೆ ಬಡಕಲು, ತಡಕಿದರೂ ಸಿಗದಿದ್ದರೆ ಕೊಬ್ಬು, ನಡುವೆ ಇದ್ದರೆ ಸರಿ. ನನ್ನ ಕೈ ಹೋಯಿತು, ಇನ್ನು ಆಕಿಯದೇ ಕೈ ಎಂದು ಫಕ್ರುಸಾಬನಿಗೆ ನೇರವಾಗಿ ಹೇಳಿದ. ಹೆಂಡತಿಗೂ ಹೇಳದಿದ್ದ ಮಾತನ್ನು ಗಿರಾಕಿಯ ಮುಂದೆ ಹೇಳಿದ್ದಕ್ಕೆ ಬಾಗಿಲಲ್ಲಿದ್ದ ಮೈಲಾರವ್ವ ಸೆರಗನ್ನು ಬಾಯಿಗೆ ಒತ್ತಿಕೊಂಡಳು.

ಫಕ್ರುಸಾಬ ಒಂದು ಕ್ಷಣ ಮುದುಕನನ್ನು ನೋಡಿ, ಆಗಲಿ ತಂಗಿ, ನೋಡು ಎಂದು ಕೈಕಟ್ಟಿ ನಿಂತ. ಇಪ್ಪತ್ತು ವರ್ಷದ ಗಿರಾಕಿ, ಕಟ್ಟಳೆ ಗೊತ್ತಿತ್ತು. ರೇಟಿನ ಮಾತು ಎತ್ತಲಿಲ್ಲ.

ಸುಧಾರಾಣಿ ಸೆರಗು ಸೊಂಟಕ್ಕೆ ಸಿಗಿಸಿ ಮೊದಲನೆಯ ಟಗರಿನ ಬೆನ್ನ ಮೇಲೆ ಕೈಯಿಟ್ಟ ಹೊತ್ತಿಗೆ ಬೀದಿಯಲ್ಲಿ ಗಾಡಿ ನಿಂತ ಸದ್ದಾಯಿತು. ಮಾಳಿಂಗರಾಯ ಫೋನು ಎತ್ತಿ ಹಿಡಿದು ಅಲ್ಲಿಂದಲೇ ಕೂಗಿದ.

“ಸುಧಾ, ನೂರಾ ನಲವತ್ತೆರಡು ಆತು ನೋಡು. ನೂರಾ ನಲವತ್ತೆರಡು.”

ಅವಳ ಬೆರಳು ಉಣ್ಣೆಯ ಒಳಗೆ ಬೆನ್ನೆಲುಬು ಬಿಟ್ಟು ಜಾರಿ, ಮತ್ತೆ ಅದನ್ನೇ ಹುಡುಕಿದವು. ಬಸವಣ್ಣೆಪ್ಪ ಕಟ್ಟೆಯ ಮೇಲಿಂದ ತಲೆ ಹೊರಳಿಸಲಿಲ್ಲ.

“ಒದರಬ್ಯಾಡ ಮಾಳ್ಯಾ,” ಎಂದ. “ಆಕಿ ಕೈ ಕೆಲಸದಾಗೈತಿ.”